ಖಾಲಿ ಮನೆಯ ಕಂದಾಯ

ಹೊನ್ನಾಳಿಯ ಹೊಳೆಬೀದಿಯಲ್ಲಿ ಮಂಡಕ್ಕಿ ಭಟ್ಟಿ ಇಟ್ಟುಕೊಂಡಿದ್ದ ಗಿಡ್ಡಪ್ಪನಿಗೆ ಐವತ್ತು ದಾಟಿದ ಮೇಲೆ ಸ್ವಂತ ಮನೆಯಾಯಿತು. ಅಲ್ಲಿಯತನಕ ಅವನೂ ಅವನ ಹೆಂಡತಿ ಅಜ್ಜಮ್ಮನೂ ಭಟ್ಟಿಯ ಹಿಂದಿನ ಬಾಡಿಗೆ ಕೋಣೆಯಲ್ಲೇ ಇಬ್ಬರು ಗಂಡುಮಕ್ಕಳನ್ನು ಬೆಳೆಸಿ, ಇಬ್ಬರಿಗೂ ಮದುವೆ ಮಾಡಿದ್ದರು. ಹೊಸ ಮನೆಗೆ ಮಂಗಳೂರು ಹಂಚು, ಸಾಗುವಾನಿ ಬಾಗಿಲು, ಮುಂದೊಂದು ಜಗುಲಿ. ಮುನಿಸಿಪಾಲಿಟಿಯ ಜವಾನ ಬಂದು ಬಾಗಿಲ ಮೇಲೆ ನಂಬರಿನ ತಗಡು ಹೊಡೆದ ದಿನ ಗಿಡ್ಡಪ್ಪ ಬೀದಿಗೆಲ್ಲ ಮಂಡಕ್ಕಿ ಬೆಲ್ಲ ಹಂಚಿದ. ಮೊದಲ ಕಂತಿನ ಮನೆಕಂದಾಯವನ್ನು ಹೊಸ ಪಂಚೆ ಉಟ್ಟು ಹೋಗಿ ಕಟ್ಟಿ ಬಂದ.

ಅದಾಗಿ ಮೂರನೆಯ ವರ್ಷ, ೧೯೪೦ರ ಬೇಸಿಗೆಯಲ್ಲಿ, ಅದೇ ಕಂದಾಯ ಬಾಕಿ ಬಿತ್ತು. ಯುದ್ಧದ ಸುದ್ದಿ ಬಂದ ಮೇಲೆ ಭತ್ತ ತುಟ್ಟಿಯಾಗಿತ್ತು. ಸಂತೆಯಲ್ಲಿ ಸೇರುಗಟ್ಟಲೆ ಮಂಡಕ್ಕಿ ಒಯ್ಯುತ್ತಿದ್ದವರು ಪಾವಿಗೆ ಇಳಿದಿದ್ದರು. ಜವಾನ ಈ ಸಲ ನೋಟೀಸು ಹಿಡಿದು ಬಂದ. ಬೇಗ ಕಟ್ಟದಿದ್ದರೆ ಭಟ್ಟಿಯ ದೊಡ್ಡ ಬಾಣಲೆಯನ್ನು ಜಪ್ತಿ ಮಾಡುತ್ತಾರೆ ಎಂದು ಹೇಳಿ ಹೋದ. ಆ ಬಾಣಲೆಯಲ್ಲಿ ಮರಳು ಕಾಯದಿದ್ದರೆ ಅಕ್ಕಿ ಅರಳುವುದಿಲ್ಲ, ಅಕ್ಕಿ ಅರಳದಿದ್ದರೆ ಮನೆಯವರಿಗೆ ಊಟವಿಲ್ಲ.

ಒಂದು ಸಂಜೆ ಹಿರಿಯ ಮಗ ಬಂಗಾರಪ್ಪ ಕೈಕಾಲು ಕೂಡ ತೊಳೆಯದೆ ನೇರ ಅಡಿಗೆಮನೆಯ ಬಾಗಿಲಿಗೆ ಬಂದ. ಅಜ್ಜಮ್ಮ ಮುದ್ದೆ ತಿರುವುತ್ತಿದ್ದಳು. ಬಂಗಾರಪ್ಪನ ಹೆಂಡತಿ ಗಾದ್ರಮ್ಮ ಸೊಪ್ಪು ಮಸೆಯುತ್ತಿದ್ದಳು. ಗಾದ್ರಮ್ಮನ ಪುಟ್ಟ ಹೆಣ್ಣುಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕಿರಿಯ ಸೊಸೆ ಹುಲಿಗೆಮ್ಮ ಒಲೆಗೆ ಕಡ್ಡಿ ನೂಕುತ್ತಿದ್ದಳು. ಗಿಡ್ಡಪ್ಪ ಗೋಡೆಗೆ ಒರಗಿ ತಟ್ಟೆಗಾಗಿ ಕಾಯುತ್ತಿದ್ದ.

"ಅಪ್ಪಾ, ಬುಡನ್‌ಸಾಬಣ್ಣಂಗೆ ಒಂದು ಕಂತು ಕಂದಾಯ ಮಾಫಾಗಿತ್ತಂತೆ, ನಿಂಗೆ ಗೊತ್ತಾ?"

ಬುಡನ್‌ಸಾಬ್ ಎದುರು ಮನೆಯವನು, ಎತ್ತುಗಳಿಗೆ ಲಾಳ ಕಟ್ಟುವವನು.

"ಯಾಕೆ? ಅವನೇನು ಸರ್ಕಾರದ ಬೀಗನಾ?" ಎಂದ ಗಿಡ್ಡಪ್ಪ.

"ಪ್ಲೇಗಿನ ವರ್ಷ ಮನೆ ಖಾಲಿ ಬಿದ್ದಿತ್ತಲ್ಲ, ಅದಕ್ಕೆ. ಎರಡು ತಿಂಗಳಿಗಿಂತ ಜಾಸ್ತಿ ಮನೆ ಖಾಲಿ ಇದ್ರೆ ಆ ಕಂತು ಕಟ್ಟಂಗಿಲ್ಲಂತೆ. ಅರ್ಜಿ ಹಾಕಿ ಕೇಳಬೇಕು, ಅಷ್ಟೆ. ನಮ್ಮ ಬೀದಿಯಾಗೆ ಎಲ್ರೂ ಕೇಳಿದಾರೆ. ಪೂರಾ ಕಟ್ಟಿರೋದು ನಾವೊಬ್ರೇ."

"ನಮ್ಮದು ಹೊಸ ಮನೆ. ಇಂಥವೆಲ್ಲ ನಮಗೆಲ್ಲಿ ಗೊತ್ತಿತ್ತು?"

"ಈಗ್ಲೂ ಕೇಳಬೋದಂತೆ. ಹೊತ್ತಾಗಿದ್ದಕ್ಕೆ ಕಾರಣ ಬರೀಬೇಕು. ಅವತ್ತು ಕಟ್ಟಿದ್ದನ್ನ ಈಗಿನ ಬಾಕೀಲಿ ವಜಾ ಮಾಡ್ಕೊಂತಾರೆ. ಬಾಣಲೆ ಉಳೀತೈತೆ."

ಗಾದ್ರಮ್ಮನ ಮುಖ ಅರಳಿತು. "ಹಂಗಿದ್ರೆ ನಾಳೇನೇ ಹಾಕ್ರಿ. ಇನ್ನೇನು ನೋಡೋದು?"

ಅಜ್ಜಮ್ಮನ ಕೋಲು ಪಾತ್ರೆಯಲ್ಲೇ ನಿಂತಿತು. "ಏನಂತ ಬರೀಬೇಕು?" ಎಂದು ಕೇಳಿದಳು.

"ಮನೆ ಖಾಲಿ ಇತ್ತು, ಯಾರೂ ವಾಸ ಇರಲಿಲ್ಲ ಅಂತ."

"ಖಾಲಿ ಇತ್ತಾ?"

ಹುಲಿಗೆಮ್ಮ ಕೂಸನ್ನು ಗಾದ್ರಮ್ಮನ ಮಡಿಲಿಗೆ ದಾಟಿಸಿ, ಕೊಡ ತೆಗೆದುಕೊಂಡು ಹಿತ್ತಿಲಿಗೆ ಹೋದಳು. ಕೊಡದಲ್ಲಿ ಆಗಲೇ ನೀರು ತುಂಬಿತ್ತು.

ಮನೆ ಖಾಲಿ ಇರಲಿಲ್ಲ. ಗೃಹಪ್ರವೇಶವಾಗಿ ಎರಡು ತಿಂಗಳಾಗುವಷ್ಟರಲ್ಲಿ ಊರಲ್ಲಿ ಪ್ಲೇಗಿನ ಇಲಿ ಸತ್ತು ಬೀಳಲು ಶುರುವಾಗಿತ್ತು. ಎಲ್ಲರಂತೆ ಇವರೂ ಊರು ಬಿಟ್ಟು ನ್ಯಾಮತಿ ರಸ್ತೆಯ ಬಯಲಲ್ಲಿ ಗುಡಿಸಲು ಹಾಕಿಕೊಂಡರು. ಖಾಲಿ ಬಿದ್ದ ಮನೆಗಳಿಂದ ಕಳ್ಳರು ಬಾಗಿಲು, ಹಂಚು ಕಿತ್ತು ಒಯ್ಯುತ್ತಿದ್ದಾರೆ ಎಂಬ ಸುದ್ದಿ ಬಂತು. ಗಿಡ್ಡಪ್ಪ ಕಿರಿಯ ಮಗ ದುರುಗಪ್ಪನನ್ನು ಕರೆದು, "ಹೋಗಿ ಮನೇಲಿ ಮಲಗು" ಎಂದ. ದುರುಗಪ್ಪನಿಗೆ ಇಪ್ಪತ್ತು ವರ್ಷ. ಜಗಳೂರು ಕಡೆಯ ಬಿಳಿಚೋಡಿನಿಂದ ತಂದುಕೊಂಡ ಹೆಂಡತಿ ಹುಲಿಗೆಮ್ಮ ಬಂದು ಆರೇಳು ತಿಂಗಳಾಗಿತ್ತು. ಅವನು ಕಂಬಳಿ ಹೆಗಲಿಗೆ ಹಾಕಿಕೊಂಡು ಹೋದ. ಹುಲಿಗೆಮ್ಮ ದಿನಾ ಸಂಜೆ ಬಟ್ಟೆಯಲ್ಲಿ ರೊಟ್ಟಿ ಕಟ್ಟಿಕೊಂಡು ಹೋಗಿ ಕೊಟ್ಟು ಬರುತ್ತಿದ್ದಳು.

ಒಂದು ತಿಂಗಳಾದ ಮೇಲೆ ಅವನಿಗೆ ಜ್ವರ ಬಂತು. ತೊಡೆಯ ಸಂದಿಯಲ್ಲಿ ಗೆಡ್ಡೆ ಎದ್ದಿತು. ಬಯಲಿಗೆ ದಿನಾ ಡಾಕ್ಟರು ಬರುತ್ತಿದ್ದರು; ಕರೆದುಕೊಂಡು ಬರುತ್ತೇನೆ ಎಂದು ಹುಲಿಗೆಮ್ಮ ಹೊರಟಳು. ಗಿಡ್ಡಪ್ಪ ತಡೆದ. ಬೇನೆ ಬಿದ್ದ ಮನೆ ಎಂದು ಗೊತ್ತಾದರೆ ಹಂಚು ಇಳಿಸಿ, ನೆಲ ಅಗೆದು, ಔಷಧಿ ಸುರಿಯುತ್ತಾರೆ ಎಂದು ಅವನಿಗೆ ಯಾರೋ ಹೇಳಿದ್ದರು. ಇವತ್ತು ನೋಡೋಣ, ನಾಳೆ ನೋಡೋಣ ಎನ್ನುತ್ತ ಮೂರು ದಿನ ಕಳೆದ. ಆಮೇಲೆ ಅಪ್ಪ ಮತ್ತು ಅಣ್ಣ ಸೇರಿ ಅವನನ್ನು ಮಟಮಟ ಮಧ್ಯಾಹ್ನ ಗಾಡಿಯಲ್ಲಿ ಮಲಗಿಸಿ, ಮೇಲೆ ಖಾಲಿ ಮಂಡಕ್ಕಿ ಚೀಲ ಮುಚ್ಚಿ, ಬಯಲಿಗೆ ಸಾಗಿಸಿದರು. ಚೀಲದ ಕೆಳಗಿಂದ ದುರುಗಪ್ಪ ನೀರು ಕೇಳುತ್ತಿದ್ದ. ಗಾಡಿಯ ಹಿಂದೆ ನಡೆಯುತ್ತಿದ್ದ ಹುಲಿಗೆಮ್ಮನಿಗೆ, ಅಳಬೇಡ, ದಾರಿಯವರು ನೋಡುತ್ತಾರೆ ಎಂದು ಮಾವ ಹೇಳಿದ್ದ. ಹೊತ್ತು ಮುಳುಗುವ ಮೊದಲೇ ಅವನ ಜೀವ ಹೋಯಿತು. ಗುಡಿಸಲಲ್ಲೇ ಬೇನೆ ಬಂತು, ಗುಡಿಸಲಲ್ಲೇ ಸತ್ತ ಎಂದು ಮನೆಯವರೆಲ್ಲ ಹೇಳಿದರು. ಹಂಚು ಉಳಿಯಿತು.

ಆ ಕಂತಿನ ಕಂದಾಯವನ್ನು ಗಿಡ್ಡಪ್ಪ ಬಾಯಿ ಮುಚ್ಚಿಕೊಂಡು ಪೂರಾ ಕಟ್ಟಿದ್ದ. ಯಾವ ಅಧಿಕಾರಿಯೂ ಬಂದು ಮನೆಯ ಬಗ್ಗೆ ಏನನ್ನೂ ಕೇಳದಿದ್ದರೆ ಸಾಕಿತ್ತು ಅವನಿಗೆ.

ಈಗ ಅದೇ ಮನುಷ್ಯ ಮಾರನೆಯ ದಿನ ಬೆಳಿಗ್ಗೆ ಭಟ್ಟಿಯ ಮುಂದೆ ಕೂತು, "ಅರ್ಜಿ ಬರೆಸು" ಎಂದು ಬಂಗಾರಪ್ಪನಿಗೆ ಹೇಳಿದ.

ಕಚೇರಿಯ ಮುಂದೆ ಕೂರುವ ಅರ್ಜಿ ಬರೆಯುವವನಿಂದ ಬರೆಸಿಕೊಂಡು ಬಂದ ಬಂಗಾರಪ್ಪ ಮಧ್ಯಾಹ್ನದ ಊಟದ ಹೊತ್ತಿಗೆ ಓದಿ ಹೇಳಿದ. ಅವನು ನಾಲ್ಕನೆಯ ಕ್ಲಾಸಿನತನಕ ಓದಿದ್ದ. ಅಕ್ಷರ ಕೂಡಿಸಿ ಕೂಡಿಸಿ ಓದಬೇಕಿತ್ತು. ಪ್ಲೇಗಿನ ನಾಲ್ಕು ತಿಂಗಳು ಮನೆಗೆ ಬೀಗ ಹಾಕಿತ್ತು, ಅಲ್ಲಿ ಯಾರೂ ವಾಸವಿರಲಿಲ್ಲ, ಗುಡಿಸಲಲ್ಲಿ ಕಿರಿಯ ಮಗ ಮೃತನಾದ ದುಃಖದಲ್ಲಿ ಆಗ ಅರ್ಜಿ ಸಲ್ಲಿಸಲಾಗಲಿಲ್ಲ, ದಯಮಾಡಿ ಮಾಫಿ ಕೊಡಿಸಬೇಕು.

"ಸತ್ತೋನನ್ನೂ ಅರ್ಜಿಗೆ ಹಾಕಿದ್ರಾ?" ಎಂದಳು ಅಜ್ಜಮ್ಮ.

"ಕಾರಣ ಬರೀಬೇಕಿತ್ತವ್ವ. ಬೇರೆ ಏನು ಬರೆಸ್ಲಿ?"

"ಅವನು ಇದ್ದ ಮನೇಲಿ ಅವನು ಇರಲಿಲ್ಲ ಅಂತೀರಿ. ಅವನು ಸತ್ತಿದ್ದಕ್ಕೆ ಹೊತ್ತಾತು ಅಂತೀರಿ. ಒಂದೇ ಕಾಗದದಾಗೆ."

"ಅವ್ವಾ, ನಾನೇನು ಮೋಸ ಮಾಡಾಕೆ ಹೊಂಟೀನಾ? ಗುಡಿಸಲಾಗೆ ಇದ್ದಿದ್ದು ಸುಳ್ಳಾ? ಐದು ಜನ ಗುಡಿಸಲಾಗೆ ಮಳೆ ಗಾಳಿ ತಿಂದಿದ್ದು ಸುಳ್ಳಾ? ಒಬ್ಬ ಮಲಗಾಕೆ ಹೋಗಿದ್ದ ಅಂತ ಇಡೀ ಮನೆ ಕಂದಾಯ ಕಟ್ಟಬೇಕಾ?"

"ನಿಂಗೆ ಒಬ್ಬ. ನಂಗೆ ಎಷ್ಟು ಜನ ಇದ್ರು?"

ಬಾಗಿಲ ಪಕ್ಕ ನಿಂತಿದ್ದ ಹುಲಿಗೆಮ್ಮ ಸೆರಗಿನ ಗಂಟು ಬಿಚ್ಚಿದಳು. ಗಂಡ ಸತ್ತ ಮೇಲೆ ತಾಳಿಯಿಂದ ಬಿಚ್ಚಿ ಇಟ್ಟುಕೊಂಡಿದ್ದ ಚಿನ್ನದ ಗುಂಡುಗಳನ್ನು ಅಂಗೈಯಲ್ಲಿ ಹಿಡಿದು ಮಾವನ ಮುಂದೆ ಚಾಚಿದಳು.

"ಇವು ಅದಾವೆ ಮಾವ. ಮಾರಿ ಬಾಕಿ ಕಟ್ರಿ. ಅರ್ಜಿ ಬ್ಯಾಡ."

ಗಿಡ್ಡಪ್ಪ ಅತ್ತ ನೋಡಲಿಲ್ಲ. ಬಂಗಾರಪ್ಪನೇ ಮಾತಾಡಿದ. "ಹುಲಿಗೆವ್ವ, ಸುಮ್ನೆ ಒಳಗಿಡು. ನ್ಯಾಯವಾಗಿ ಸಿಗೋ ಮಾಫಿ ಬಿಟ್ಟು, ನಿನ್ನ ಗುಂಡು ಮಾರಾಕೆ ನಮಗೇನು ತಲೆ ಕೆಟ್ಟೈತಾ? ನಾಳೆ ಜನ ಏನಂದಾರು?"

"ಜನಕ್ಕೇನು ಗೊತ್ತೈತೆ ನಮ್ಮದು?" ಎಂದಳು ಹುಲಿಗೆಮ್ಮ. ಅಂಗೈ ಇನ್ನೂ ಚಾಚಿಯೇ ಇತ್ತು. ಗಾದ್ರಮ್ಮ ಎದ್ದು ಬಂದು ಆ ಬೆರಳುಗಳನ್ನು ಮಡಿಸಿ, "ಇಟ್ಕೋ ತಂಗಿ. ನಿಂಗಂತ ಇರೋದು ಅದೊಂದೇ," ಎಂದಳು. ಗಾದ್ರಮ್ಮ ಕೆಟ್ಟವಳಲ್ಲ. ಅವಳಿಗೆ ಕೂಸಿನ ಹಾಲಿನ ಚಿಂತೆ ಇತ್ತು.

ಗಂಡಸರು ಊಟ ಮುಗಿಸಿ ಎದ್ದ ಮೇಲೆ ಅಜ್ಜಮ್ಮ ಗಂಡನ ಹಿಂದೆಯೇ ಹಿತ್ತಿಲಿಗೆ ಹೋದಳು. ಗಿಡ್ಡಪ್ಪ ಕೈ ತೊಳೆಯುತ್ತಿದ್ದ.

"ಆ ಮಗ ಕಂದಾಯಕ್ಕೆ ಅರ್ಜಿ ಹಾಕ್ತಾನೆ, ನಂಗೆ ಅರ್ಥ ಆಗ್ತೈತೆ. ನೀವು ಯಾತಕ್ಕೆ ಹಾಕ್ತೀರಿ?"

"ಬಾಣಲೆ ಹೋಗ್ತೈತೆ ಕಣೆ."

"ಬಾಣಲೆ ಉಳಿಸಾಕೆ ಆ ಹುಡುಗಿ ದಾರಿ ತೋರಿಸಿದ್ಲು. ನೀವು ಕಣ್ಣೆತ್ತಲಿಲ್ಲ."

ಗಿಡ್ಡಪ್ಪ ಮತ್ತೊಂದು ಚೊಂಬು ನೀರು ಸುರಿದುಕೊಂಡ. ಕೈ ಆಗಲೇ ತೊಳೆದಾಗಿತ್ತು. "ಸರ್ಕಾರದ ಕಾಗದದಾಗೆ ಬರಲಿ," ಎಂದ. "ಮನೆ ಖಾಲಿ ಇತ್ತು, ಅಲ್ಲಿ ಯಾರೂ ಇರಲಿಲ್ಲ ಅಂತ ಅವರೇ ಬಂದು ನೋಡಿ, ಮೊಹರು ಹಾಕಿ ಕೊಡ್ಲಿ."

"ಹಾಕಿದ್ರೆ? ನೀವು ಅವನ್ನ ಕಳಿಸಿದ್ದು ಇಲ್ಲಾಂತ ಆಗ್ತೈತಾ?"

ಅವನು ಪಂಚೆಗೆ ಕೈ ಒರೆಸಿಕೊಂಡು ಭಟ್ಟಿಗೆ ಹೋದ. ಸಂಜೆ ಅರ್ಜಿಗೆ ಹೆಬ್ಬೆಟ್ಟು ಒತ್ತಿದ.

ಆವತ್ತಿನಿಂದ ಅಜ್ಜಮ್ಮ ಗಂಡನ ಜೊತೆ ಮಾತು ಬಿಟ್ಟಳು. ಅಡಿಗೆ ಮಾಡುತ್ತಿದ್ದಳು, ಬಡಿಸುವ ಕೆಲಸ ಗಾದ್ರಮ್ಮನ ಪಾಲಿಗೆ ಬಂತು. ಹುಲಿಗೆಮ್ಮ ಎಂದಿನಂತೆ ಬೆಳಗಾಗುವ ಮೊದಲೇ ಎದ್ದು ಭಟ್ಟಿಗೆ ಹೋಗಿ ಮರಳು ಜರಡಿ ಹಿಡಿಯುವಳು, ಉಪ್ಪುನೀರು ಬೆರೆಸಿದ ಅಕ್ಕಿ ತಿರುವುವಳು, ಬಿಸಿ ಮಂಡಕ್ಕಿಯನ್ನು ಚೀಲಕ್ಕೆ ತುಂಬುವಳು. ಬಸವಾಪಟ್ಟಣದಿಂದ ಭತ್ತದ ಗಾಡಿ ಬಂದರೆ ಅಳೆದು ಇಳಿಸಿಕೊಳ್ಳುವವಳೂ ಅವಳೇ. ಆದರೆ ಮನೆಯೊಳಗೆ ಒಂದು ಮಾತಿಗೆ ಒಂದು ಮಾತು ಮಾತ್ರ. ಚೀಲ ಮಡಿಸಿ ಒಟ್ಟುವ ಕೆಲಸ ಅವಳು ಗಂಡ ಸತ್ತಾಗಿನಿಂದ ಮಾಡುತ್ತಿರಲಿಲ್ಲ, ಅದನ್ನು ಅವಳಿಗೆ ಯಾರೂ ಹೇಳುತ್ತಲೂ ಇರಲಿಲ್ಲ.

ಮೂರನೆಯ ವಾರ ಕಂದಾಯದ ಇನ್ಸ್‌ಪೆಕ್ಟರು ಯರ್ರಿಸ್ವಾಮಿ ವಿಚಾರಣೆಗೆ ಬಂದರು. ನಡುವಯಸ್ಸಿನ ಮನುಷ್ಯ, ಸಮಾಧಾನದವರು. ಬಿಸಿಲಲ್ಲಿ ಸೈಕಲ್ ತುಳಿದು ಬಂದಿದ್ದರು. ಮನೆಯವರು ಜಗುಲಿಯ ಮೇಲೆ ಚಾಪೆ ಹಾಸಿದರು. ಗಾದ್ರಮ್ಮ ಮಜ್ಜಿಗೆ ತಂದುಕೊಟ್ಟಳು. ಅಕ್ಕಪಕ್ಕದ ಇಬ್ಬರ ಹೇಳಿಕೆ ಬೇಕು ಎಂದಾಗ ಬಂಗಾರಪ್ಪ ಬುಡನ್‌ಸಾಬ್‌ನನ್ನೂ ಪಕ್ಕದ ಮನೆಯ ಮುದುಕನನ್ನೂ ಕರೆತಂದ. ಇನ್ಸ್‌ಪೆಕ್ಟರು ಕೇಳುವ ಮೊದಲೇ ಮುದುಕ ಹೆಬ್ಬೆಟ್ಟು ಒತ್ತಿದ.

"ನೀವು ಹೇಳ್ರಿ ಸಾಬ್ರೆ. ಆ ನಾಲ್ಕು ತಿಂಗಳು ಈ ಮನೆಗೆ ಬೀಗ ಇತ್ತಾ?"

ಬುಡನ್‌ಸಾಬ್ ಗಿಡ್ಡಪ್ಪನ ಮುಖ ನೋಡಿದ. ಬೇನೆಯ ಕಾಲದಲ್ಲಿ ಅವನು ಲಾಳದ ಮೊಳೆ ಒಯ್ಯಲೆಂದು ಹಗಲು ಹೊತ್ತು ಒಂದೆರಡು ಸಲ ತನ್ನ ಮನೆಗೆ ಬಂದುಹೋಗಿದ್ದ. ಇದೇ ಜಗುಲಿಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ ದುರುಗಪ್ಪ, "ಸಾಬಣ್ಣ, ಒಂದು ಬೀಡಿ ಐತಾ?" ಎಂದು ಕೇಳಿದ್ದ. ಬುಡನ್‌ಸಾಬ್ ಕೊಟ್ಟೂ ಇದ್ದ.

"ಇತ್ರಿ," ಎಂದ ಬುಡನ್‌ಸಾಬ್. "ಬೀಗ ಇತ್ತು." ರುಜು ಮಾಡಿ ಎದ್ದು, ಚಪ್ಪಲಿ ಮೆಟ್ಟುವಾಗ ಗಿಡ್ಡಪ್ಪನಿಗಷ್ಟೇ ಕೇಳುವ ಹಾಗೆ, "ಇನ್ನೊಂದು ಸಲ ನನ್ನ ಕರೀಬ್ಯಾಡ್ರಿ ಗಿಡ್ಡಪ್ಪಣ್ಣ," ಎಂದು ಹೋದ.

ಯರ್ರಿಸ್ವಾಮಿ ಕಾಗದ ಮಡಿಸುತ್ತ ಒಳಗೆ ನೋಡಿದರು. ನಡುಮನೆಯಲ್ಲಿ ಅಜ್ಜಮ್ಮ ನಿಂತಿದ್ದಳು.

"ಮನೆ ಹೆಣ್ಮಕ್ಕಳನ್ನೂ ಒಂದು ಮಾತು ಕೇಳಿಬಿಡ್ತೀನಿ, ಪದ್ಧತಿ. ಏನವ್ವ, ಎಲ್ಲರೂ ಗುಡಿಸಲಲ್ಲೇ ಇದ್ದಿರಾ? ಕಾವಲಿಗೆ ಅಂತ ಯಾರಾದ್ರೂ ಇಲ್ಲಿ ಮಲಗ್ತಿದ್ರಾ? ಕೆಲವರು ಹಂಗೆ ಮಾಡ್ತಿದ್ರು. ಹಂಗಿದ್ರೆ ಮಾಫಿ ಬರಲ್ಲ, ಅದಕ್ಕೆ ಕೇಳಿದೆ."

ಬಾಣಲೆ, ಕೂಸು, ಜಗುಲಿಯ ಮೇಲೆ ಕೈಕಟ್ಟಿ ನಿಂತ ಹಿರಿಯ ಮಗ, ಎಲ್ಲವೂ ಅಜ್ಜಮ್ಮನ ಮುಂದಿತ್ತು. ಅವಳು ತಿರುಗಿ ಅಡಿಗೆಮನೆಗೆ ಹೋಗಿಬಿಟ್ಟಳು.

"ಅವ್ವಂಗೆ ಆ ಸುದ್ದಿ ತೆಗೆದ್ರೆ ಆಗಲ್ರಿ," ಎಂದ ಬಂಗಾರಪ್ಪ. "ಮಗ ಹೋದ ವರ್ಷ ಅದು."

"ಪಾಪ," ಎಂದರು ಇನ್ಸ್‌ಪೆಕ್ಟರು. ಅಷ್ಟರಲ್ಲಿ ಹೊಳೆಯಿಂದ ನೀರು ಹೊತ್ತು ಹುಲಿಗೆಮ್ಮ ಬಂದಳು. ಅವರು ಅವಳತ್ತ ತಿರುಗಿದರು. "ನೀನು ಕಿರಿ ಸೊಸೆನಾ ತಾಯಿ? ನೀನಾದ್ರೂ ಹೇಳು. ಆಗ ಈ ಮನೇಲಿ ಯಾರಾದ್ರೂ ಇದ್ರಾ?"

ಹುಲಿಗೆಮ್ಮ ತಲೆಯ ಮೇಲಿನ ಕೊಡ ಇಳಿಸಲಿಲ್ಲ. ಮಾವನನ್ನು ನೋಡಿದಳು. ಗಿಡ್ಡಪ್ಪ ಚಾಪೆಯ ಅಂಚು ಕೀಳುತ್ತಿದ್ದ. ಭಾವನನ್ನು ನೋಡಿದಳು. ಬಂಗಾರಪ್ಪನ ಕಣ್ಣು ಬೇಡುತ್ತಿತ್ತು.

"ಯಾರೂ ಇರಲಿಲ್ರಿ," ಎಂದಳು.

ಯರ್ರಿಸ್ವಾಮಿ ಬರೆದುಕೊಂಡರು. ಮಜ್ಜಿಗೆ ಕುಡಿದು, ಚೆನ್ನಾಗಿದೆ ಎಂದು ಗಾದ್ರಮ್ಮನಿಗೆ ಹೇಳಿ, ಸೈಕಲ್ ಹತ್ತಿದರು.

ಹುಲಿಗೆಮ್ಮ ಕೊಡ ಇಳಿಸಿ, ಒದ್ದೆ ಸೆರಗು ಹಿಂಡಿ, ಅತ್ತೆಯ ಹತ್ತಿರ ಹೋದಳು. ಅಜ್ಜಮ್ಮ ಒಲೆಯ ಮುಂದೆ ಕೂತಿದ್ದಳು. ಒಲೆಯಲ್ಲಿ ಬೆಂಕಿ ಇರಲಿಲ್ಲ.

"ಅತ್ತೆ, ಸಂತೆಗೆ ನಮ್ಮ ಕಡೆ ಕಂಬಳಿಯೋರು ಬಂದಿರ್ತಾರೆ. ನಮ್ಮಣ್ಣಂಗೆ ಬಂದು ಕರ್ಕೊಂಡು ಹೋಗು ಅಂತ ಹೇಳಿ ಕಳಿಸ್ತೀನಿ."

"ನಾನು ಹೇಳಬೇಕಿತ್ತು, ನೀನು ಹೇಳಿದೆ," ಎಂದಳು ಅಜ್ಜಮ್ಮ. "ನನ್ನ ಮ್ಯಾಲೆ ಸಿಟ್ಟು ಮಾಡ್ಕೊಂಡು ಹೋಗಬ್ಯಾಡ ಕಣವ್ವ."

"ಸಿಟ್ಟಲ್ಲ ಅತ್ತೆ. ಈ ಮನೇಲಿ ಯಾರೂ ಇರಲಿಲ್ಲ ಅಂತ ನನ್ನ ಬಾಯಾಗೇ ಬಂತು. ಇನ್ನು ನಾನು ಯಾರ ಹೆಂಡತಿ ಅಂತ ಇಲ್ಲಿರಲಿ?"

ಅಜ್ಜಮ್ಮ ಅವಳ ಕೈ ಹಿಡಿದುಕೊಂಡಳು. ಇರು ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

ಮುಂದಿನ ವಾರ ಹುಲಿಗೆಮ್ಮನ ಅಣ್ಣ ಓಬಣ್ಣ ಬಂದ. ಕುರಿ ಕಾಯುವ ಮನುಷ್ಯ, ಒರಟು ದನಿ, ನೇರ ಮಾತು. ಬಂದ ನೆಂಟನಿಗೆ ಗಾದ್ರಮ್ಮ ಅನ್ನ ಮಾಡಿ, ಹುಳಿ ಕಾಸಿ ಬಡಿಸಿದಳು. ಗಿಡ್ಡಪ್ಪನೂ ಬಂಗಾರಪ್ಪನೂ ಜೊತೆಗೆ ಕೂತರು.

"ಎರಡು ವರ್ಷ ಇಟ್ಕೊಂಡ್ರಿ, ಅದೇ ದೊಡ್ಡದು ಬೀಗ್ರೆ," ಎಂದ ಓಬಣ್ಣ ಊಟದ ನಡುವೆ. "ಊರಾಗೆ ಆಡ್ಕೊಂತಾರೆ. ನಂಗೂ ಮನಸ್ಸಿನಾಗೆ ಒಂದು ಕೊರೀತೈತೆ. ಆ ಬಯಲಿಗೆ ದಿನಾ ಡಾಕ್ಟರು ಬರ್ತಿದ್ರಂತೆ. ಗುಡಿಸಲ ಮುಂದೇ ಹಾದು ಹೋಗ್ತಿದ್ರಂತೆ. ಇವಳು ಗಂಡನ್ನ ಯಾಕೆ ತೋರಿಸಲಿಲ್ಲ? ಎಷ್ಟು ಸಲ ಕೇಳಿದೀನಿ. ನೆಲ ನೋಡ್ತಾಳೆ, ಬಾಯಿ ಬಿಡಲ್ಲ. ಹೆಂಡ್ತಿ ಆದೋಳಿಗೆ ಅಷ್ಟೂ ತಿಳೀಬಾರದಾ?"

ಹುಲಿಗೆಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅಜ್ಜಮ್ಮ ಒಳಗಿಂದ ಬಂದು ಗಂಡನನ್ನೇ ದಿಟ್ಟಿಸಿದಳು. ಬಂಗಾರಪ್ಪ ಅನ್ನಕ್ಕೆ ಹುಳಿ ಕಲಸುತ್ತಲೇ ಇದ್ದ.

"ಇನ್ನೊಂದೀಟು ಅನ್ನ ಹಾಕವ್ವ ಗಾದ್ರಮ್ಮ, ಬೀಗರಿಗೆ," ಎಂದ ಗಿಡ್ಡಪ್ಪ.

ಬಿಸಿಲು ಇಳಿಯುವ ಮೊದಲೇ ಅಣ್ಣ ತಂಗಿ ಹೊರಟರು. ಗಾದ್ರಮ್ಮ ಅತ್ತಳು. ಕೂಸು ಚಿಕ್ಕಮ್ಮನ ಸೀರೆ ಹಿಡಿದು ಬಿಡಲಿಲ್ಲ. ಬೆರಳು ಬಿಡಿಸಬೇಕಾಯಿತು. ಹುಲಿಗೆಮ್ಮ ಅತ್ತೆಯ ಕಾಲು ಮುಟ್ಟಿದಳು, ಮಾವನ ಕಾಲನ್ನೂ ಮುಟ್ಟಿದಳು. ಗಂಟಿನಲ್ಲಿ ಎರಡು ಸೀರೆ, ದುರುಗಪ್ಪನ ಒಂದು ಅಂಗಿ ಇತ್ತು.

ಅವಳು ಹೋದ ಮೇಲೆ ಭಟ್ಟಿಯ ಕೆಲಸ ಹಿಂದೆ ಬಿತ್ತು. ಮರಳಿನಲ್ಲಿ ಹರಳು ಉಳಿದು ಮಂಡಕ್ಕಿಯಲ್ಲಿ ಸೇರತೊಡಗಿತು. ಸಂತೆಯಲ್ಲಿ ಗಿರಾಕಿಗಳು ಬೈದರು. ಗಾದ್ರಮ್ಮ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಬಾಣಲೆಯ ಮುಂದೆ ನಿಂತಳು. ಕೂಸಿಗೆ ಕಾವು ಬಡಿದು ಮೈಯೆಲ್ಲ ಬೊಕ್ಕೆ ಎದ್ದಿತು. ಗಂಡಹೆಂಡಿರಿಗೆ ಜಗಳವಾಯಿತು. "ನಿಮ್ಮ ಕಂದಾಯದಾಗೆ ಇನ್ನೂ ಏನೇನು ವಜಾ ಹೋಗಬೇಕೋ," ಎಂದು ಗಾದ್ರಮ್ಮ ಕೂಗಿದಳು. ಅಜ್ಜಮ್ಮನಿಗೆ ಅದು ಕೇಳಿತು. ಅವಳು ಯಾರ ಪರವೂ ಆಡಲಿಲ್ಲ.

ಮಳೆ ಹಿಡಿದ ಮೇಲೆ ಮಾಫಿಯ ಹುಕುಂ ಬಂತು. ಬಂಗಾರಪ್ಪ ಜಗುಲಿಯಲ್ಲೇ ನಿಂತು ಗಟ್ಟಿಯಾಗಿ ಓದಿದ. ಮನೆ ಖಾಲಿಯಿದ್ದದ್ದು ವಿಚಾರಣೆಯಿಂದ ದೃಢಪಟ್ಟಿದೆ, ಕಟ್ಟಿದ ಕಂತು ಬಾಕಿಗೆ ವಜಾ ಆಗಿದೆ. ಜಪ್ತಿ ಇಲ್ಲ. ಬಾಣಲೆ ಉಳಿಯಿತು. ಗಿಡ್ಡಪ್ಪ ಆ ಹುಕುಂ ಇಸಿದುಕೊಂಡು, ಅಕ್ಷರ ಬಾರದಿದ್ದರೂ ಬಹಳ ಹೊತ್ತು ನೋಡಿದ. ನೀಲಿ ಮೊಹರಿನ ಮೇಲೆ ಬೆರಳಾಡಿಸಿದ. ಬಯಸಿದ್ದು ಕೈಗೆ ಬಂದಿತ್ತು. ಅವನು ಅದನ್ನು ಮಗನ ಕೈಗೇ ಕೊಟ್ಟು ಒಳಗೆ ಹೋಗಿ, ಮಧ್ಯಾಹ್ನವಾದರೂ ಮುಸುಕು ಹಾಕಿ ಮಲಗಿದ. ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಅಜ್ಜಮ್ಮನ ಮುಂದೆ ಬಂದು ನಿಂತ.

"ನಾನು ಹೋಗಿ ಆ ಹುಡುಗೀನ ಕರ್ಕೊಂಡು ಬರ್ತೀನಿ."

ತಿಂಗಳುಗಳ ಮೇಲೆ ಅಜ್ಜಮ್ಮ ಅವನ ಕೂಡ ಬಾಯಿ ತೆರೆದಳು. "ಬರಾಕೆ ಅವಳಿಗೆ ಏನು ಬೇಕು ಅಂತ ಗೊತ್ತೈತಾ?"

"ಗೊತ್ತೈತೆ."

"ಅವರಣ್ಣನ ಮುಂದೆ ಹೇಳ್ತೀರಾ?"

"ಹೇಳ್ತೀನಿ."

ಅಜ್ಜಮ್ಮ ಬುತ್ತಿ ಕಟ್ಟಿಕೊಟ್ಟಳು.

ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಗಿಡ್ಡಪ್ಪ ಬಿಳಿಚೋಡು ತಲುಪಿದಾಗ ಮಧ್ಯಾಹ್ನವಾಗಿತ್ತು. ಓಬಣ್ಣನ ಮನೆ ಊರ ಕೊನೆಯಲ್ಲಿ, ಕುರಿಹಟ್ಟಿಯ ಪಕ್ಕ. ಹುಲಿಗೆಮ್ಮ ಹಟ್ಟಿಯ ಹಿಕ್ಕೆ ಗುಡಿಸಿ ಮಂಕರಿಗೆ ತುಂಬುತ್ತಿದ್ದಳು. ಬಿಸಿಲಿಗೆ ಕಪ್ಪಾಗಿದ್ದಳು, ಇಳಿದಿದ್ದಳು. ಮಾವನನ್ನು ಕಂಡು ಕೈ ತೊಳೆದು ಬಂದು ನೀರು ಕೊಟ್ಟಳು. ಅತ್ತಿಗೆ ಒಳಗಿಂದ ಇಣುಕಿ ನೋಡಿದಳೇ ಹೊರತು ಮಾತಾಡಿಸಲಿಲ್ಲ. ಓಬಣ್ಣ ಬಂದ. ಜೋಳದ ರೊಟ್ಟಿ, ಹುರುಳಿಕಾಳಿನ ಪಲ್ಯ, ಕೆಂಪು ಚಟ್ನಿ ಇಟ್ಟರು.

"ಹುಲಿಗೆವ್ವನ್ನ ಕರ್ಕೊಂಡು ಹೋಗಾಕೆ ಬಂದೀನಿ," ಎಂದ ಗಿಡ್ಡಪ್ಪ. "ಅವಳತ್ತೆ ಅನ್ನ ನೀರು ಬಿಟ್ಟಾಳೆ. ಕೂಸು ದಿನಾ ಕೇಳ್ತೈತೆ."

"ನನ್ನದೇನೂ ಇಲ್ಲ. ಅವಳನ್ನೇ ಕೇಳ್ರಿ," ಎಂದ ಓಬಣ್ಣ. "ಇಲ್ಲಿದ್ರೂ ಅವಳಿಗೇನು ಸುಖ ಇಲ್ಲ. ಗಂಡನ್ನ ಸಾಯಾಕೆ ಬಿಟ್ಟೋಳು ಅಂತ ನೀರಿನ ಹತ್ರ ಹೆಂಗಸರು ಅಂತಾರೆ. ಕೂಡಿಕೆ ಮಾಡಿ ಇನ್ನೊಬ್ಬರಿಗೆ ಕೊಡಾನ ಅಂತ ಕೇಳಿದ ಕಡೆಯೆಲ್ಲ ಅದೇ ಮಾತು. ನಮ್ಮವಳೂ ಅಂತಾಳೆ. ನಾನು ಯಾರ ಬಾಯಿ ಮುಚ್ಚಲಿ?"

ಹುಲಿಗೆಮ್ಮ ಕಂಬಕ್ಕೆ ಒರಗಿ ಕೂತಿದ್ದಳು.

"ಮಾವ, ನಾನು ಬರ್ತೀನಿ," ಎಂದಳು. "ನಂಗೆ ಬೇರೆ ಏನೂ ಬ್ಯಾಡ. ಅವರು ಮೂರು ದಿನ ಎಲ್ಲಿ ಮಲಗಿದ್ರು, ಡಾಕ್ಟರು ಯಾಕೆ ನೋಡಲಿಲ್ಲ, ನಮ್ಮಣ್ಣಂಗೆ ನೀವೇ ಹೇಳ್ರಿ. ನಾನು ಹೇಳಿದ್ರೆ ತಪ್ಪಿಸ್ಕೊಳ್ಳಾಕೆ ಹೇಳ್ತಾಳೆ ಅಂತಾರೆ. ನೀವು ಒಂದು ಮಾತು ಅಂದ್ರೆ ಸಾಕು."

ಓಬಣ್ಣ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟ. "ಏನದು ಬೀಗ್ರೆ?"

ಒಳಗೆ ಪಾತ್ರೆಯ ಸದ್ದು ನಿಂತಿತು. ಅತ್ತಿಗೆಯೂ ಬಾಗಿಲಿಗೆ ಬಂದಳು. ಗಿಡ್ಡಪ್ಪ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ನಾನೇ ಕಳಿಸಿದೆ, ನಾನೇ ಡಾಕ್ಟರನ್ನು ತಡೆದೆ, ಹುಡುಗಿಯದು ತಪ್ಪಿಲ್ಲ. ಅಷ್ಟೇ. ಅವನು ಬಾಯಿ ತೆರೆದ.

"ಅದೇ... ಮನೆಕಂದಾಯ," ಎಂದ. "ಮಾಫಾತು. ಮನೆ ಖಾಲಿ ಇತ್ತು ಅಂತ ಹುಕುಂ ಬಂತು."

ಓಬಣ್ಣನಿಗೆ ಏನೂ ತಿಳಿಯಲಿಲ್ಲ. "ಒಳ್ಳೇದಾತು ಬಿಡ್ರಿ," ಎಂದು ಮತ್ತೆ ರೊಟ್ಟಿ ಎತ್ತಿಕೊಂಡ. ಅತ್ತಿಗೆ ಒಳಗೆ ಹೋದಳು.

ಹುಲಿಗೆಮ್ಮ ಎದ್ದು ಮಾವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. "ಉಣ್ರಿ. ಕಡೇ ಬಸ್ಸಿಗೆ ಹೊತ್ತಾಗ್ತೈತೆ," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮಂಕರಿ ತಲೆಗೆ ಏರಿಸಿಕೊಂಡು ಹೊಲದ ಕಡೆ ಹೊರಟಳು. ಗಿಡ್ಡಪ್ಪ ಬಸ್ಸಿನ ರಸ್ತೆಗೆ ನಡೆಯುವಾಗ ಅವಳು ದೂರದಲ್ಲಿ ಗೊಬ್ಬರ ಚೆಲ್ಲುತ್ತಿದ್ದುದು ಕಾಣುತ್ತಿತ್ತು. ಅವನು ನಿಂತು ನೋಡಿದ. ಅವಳು ತಿರುಗಲಿಲ್ಲ.

ಆ ರಾತ್ರಿ ದಾವಣಗೆರೆಯ ಬಸ್ ನಿಲ್ದಾಣದಲ್ಲೇ ಕಳೆದು ಮಾರನೆಯ ದಿನ ಹೊನ್ನಾಳಿಗೆ ಬಂದ. ಅಜ್ಜಮ್ಮ ಜಗುಲಿಯ ಮೇಲಿದ್ದಳು. ಅವನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಬೀದಿಯ ತುದಿಯತನಕ ನೋಡಿದಳು.

"ಹೇಳಿದ್ರಾ?"

"ಇಲ್ಲ."

ಅವಳು ಒಳಗೆ ಹೋಗಿ ತಟ್ಟೆ ಹಾಕಿ, ಮುದ್ದೆ ಇಟ್ಟು, ಸಾರು ಬಿಟ್ಟಳು. ಬಹಳ ದಿನಗಳ ಮೇಲೆ ಅವಳ ಕೈಯಿಂದಲೇ ಬಡಿಸಿದ್ದು. ಆಮೇಲೆ ತನ್ನ ಚಾಪೆ, ಕಂಬಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಭಟ್ಟಿಯ ಹಿಂದಿನ ಕೋಣೆಗೆ ಹೊರಟಳು. "ಅವ್ವಾ, ಎಲ್ಲಿಗೆ?" ಎಂದು ಬಂಗಾರಪ್ಪ ಕೂಗಿದ. ಅವಳು ಮೆಟ್ಟಿಲು ಇಳಿದಾಗಿತ್ತು.

ಗಿಡ್ಡಪ್ಪ ತಟ್ಟೆಯ ಮುಂದೆ ಕೂತ. ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲ. ಅವನಿಗೆ ಹಸಿವಾಗಿತ್ತು. ಉಂಡ.